546372891: ಒಂದು ಸಂಖ್ಯೆಯ ವಿಚಾರ

ಸಂಖ್ಯೆಯು ಎಣಿಕೆಯ ಸಾಧನವೆಂಬುದು ಸಾಮಾನ್ಯ ತಿಳಿವಳಿಕೆ. ಧಾನ್ಯವನ್ನಾಗಲಿ, ದಿನಗಳನ್ನಾಗಲಿ, ಹಣವನ್ನಾಗಲಿ ಎಣಿಸಿ ಮುಗಿಸಿದೊಡನೆ ಅದರ ಕೆಲಸ ತೀರಿತೆಂದು ಭಾವಿಸುವುದು ವಾಡಿಕೆ. ಆದರೆ ಎಣಿಕೆಯ ಕೆಲಸ ತೀರಿದ ಮೇಲೆಯೂ ಸಂಖ್ಯೆಗೆ ತನ್ನದೇ ಆದ ಒಂದು ಸ್ವರೂಪ ಉಳಿಯುತ್ತದೆ. ಅದು ಯಾವ ಸಂಖ್ಯೆಗಳಿಂದ ಭಾಗವಾಗುತ್ತದೆ, ಯಾವುದರಿಂದ ಭಾಗಿಸಿದಾಗ ಎಷ್ಟು ಶೇಷ ಉಳಿಸುತ್ತದೆ, ತನ್ನಿಂದ ತಾನೇ ಗುಣಿಸಿಕೊಂಡಾಗ ಕೊನೆಯಲ್ಲಿ ಯಾವ ಅಂಕವನ್ನು ತೋರುತ್ತದೆ ಎಂಬುವೆಲ್ಲ ಆ ಸಂಖ್ಯೆಯ ಗುಣಗಳು. ಬೆಡಗಿನ ವಚನಗಳನ್ನು ಅಭ್ಯಾಸ ಮಾಡಿದವರಿಗೆ ಈ ಮಾತು ಹೊಸದಾಗಿ ತೋರಲಾರದು. ಮೇಲುನೋಟಕ್ಕೆ ಅಸಂಬದ್ಧವೆನಿಸುವ ಮಾತುಗಳ ಒಳಗೆ ಒಂದು ಕ್ರಮವಿರುತ್ತದೆ. ಕೀಲಿ ದೊರೆತವನಿಗೆ ಅದು ತೆರೆದುಕೊಳ್ಳುತ್ತದೆ.

ಪ್ರಕೃತ ಲೇಖನದ ವಿಷಯವಾದ ಸಂಖ್ಯೆ 546372891. ನಮ್ಮ ರೂಢಿಯಂತೆ ಓದುವುದಾದರೆ, ಐವತ್ತನಾಲ್ಕು ಕೋಟಿ ಅರವತ್ತಮೂರು ಲಕ್ಷ ಎಪ್ಪತ್ತೆರಡು ಸಾವಿರದ ಎಂಟುನೂರ ತೊಂಬತ್ತೊಂದು. ಇದು ಯಾವ ಶಾಸ್ತ್ರಗ್ರಂಥದ ಸಂಖ್ಯೆಯೂ ಅಲ್ಲ; ಯಾವ ಗ್ರಹದ ದೂರವೂ ಅಲ್ಲ. ಬೆಂಗಳೂರಿನ ಹೆಣ್ಣುಮಗಳೊಬ್ಬರ ಬಾಯಿಂದ 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸಭೆಯೊಂದರಲ್ಲಿ ಉತ್ತರವಾಗಿ ಹೊರಟು ಜಗತ್ಪ್ರಸಿದ್ಧವಾದ ಸಂಖ್ಯೆ.

ಸಂಖ್ಯೆಯ ಹಿನ್ನೆಲೆ

ಬೆಂಗಳೂರಿನ ಚಾಮರಾಜಪೇಟೆಯು 1892ರಲ್ಲಿ ಯೋಜಿತ ಬಡಾವಣೆಯಾಗಿ ರೂಪುಗೊಂಡದ್ದು. ಕನ್ನಡ ಸಾಹಿತ್ಯ ಪರಿಷತ್ತು ಅಲ್ಲಿಯೇ ನೆಲೆಸಿರುವುದರಿಂದ ಅದರ ಹೆಸರು ಅಕ್ಷರವಿದ್ಯೆಯೊಡನೆ ಸೇರಿಕೊಂಡಿದೆ. ಅಂಕವಿದ್ಯೆಯ ಇತಿಹಾಸದಲ್ಲಿಯೂ ಆ ಬಡಾವಣೆಗೆ ಒಂದು ಚಿಕ್ಕ ಸ್ಥಾನವುಂಟು. ‘ಮಾನವ ಗಣಕ’ವೆಂದು ಖ್ಯಾತರಾದ ಶಕುಂತಲಾದೇವಿಯವರು 1929ರ ನವೆಂಬರ್ 4ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಸರ್ಕಸ್ಸಿನ ಕಲಾವಿದರು. ಮಗಳೊಡನೆ ಇಸ್ಪೀಟು ಆಡುತ್ತಿದ್ದಾಗ ಆಕೆಯ ಸ್ಮರಣಶಕ್ತಿಯನ್ನು ಅವರು ಗುರುತಿಸಿದರೆಂದು ಹೇಳಲಾಗಿದೆ. ಎಳೆಯ ವಯಸ್ಸಿನಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆಕೆಯ ಗಣಿತ ಪ್ರದರ್ಶನ ನಡೆಯಿತು. ಹೀಗಿದ್ದೂ ಕ್ರಮಬದ್ಧವಾದ ಶಾಲಾ ಶಿಕ್ಷಣ ಆಕೆಗೆ ದೊರೆಯಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ಚಾಮರಾಜಪೇಟೆಯ ಒಂದು ಕಾನ್ವೆಂಟ್ ಶಾಲೆಯ ಮೊದಲನೆಯ ತರಗತಿಗೆ ಸೇರಿದರೆಂದೂ, ತಿಂಗಳಿಗೆ ಎರಡು ರೂಪಾಯಿ ಶುಲ್ಕವನ್ನು ತೆರಲಾಗದೆ ಮೂರೇ ತಿಂಗಳಲ್ಲಿ ಶಾಲೆ ಬಿಡಬೇಕಾಯಿತೆಂದೂ ಅವರ ಜೀವನವೃತ್ತಾಂತಗಳು ತಿಳಿಸುತ್ತವೆ. 1944ರಲ್ಲಿ ತಂದೆಯೊಡನೆ ಲಂಡನ್ನಿಗೆ ತೆರಳಿದರು. ಮುಂದೆ ಅನೇಕ ದೇಶಗಳಲ್ಲಿ ಪ್ರದರ್ಶನಗಳನ್ನು ನೀಡಿ, 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿಯೇ ದಿವಂಗತರಾದರು.

1977ರಲ್ಲಿ ಡಲ್ಲಾಸಿನ ಸದರ್ನ್ ಮೆಥಾಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ ಅವರ ಮುಂದೆ 201 ಅಂಕಗಳುಳ್ಳ ಒಂದು ಸಂಖ್ಯೆಯನ್ನಿಟ್ಟು, ಅದರ 23ನೆಯ ಮೂಲವನ್ನು ಹೇಳಬೇಕೆಂದು ಕೇಳಲಾಯಿತು. ಐವತ್ತು ಸೆಕೆಂಡುಗಳಲ್ಲಿ ಅವರು 546372891 ಎಂದು ಉತ್ತರಿಸಿದರು. ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ಯುನಿವ್ಯಾಕ್ ಗಣಕಯಂತ್ರದಿಂದ ಉತ್ತರವನ್ನು ತಾಳೆ ನೋಡಲಾಯಿತೆಂದೂ, ಅದಕ್ಕಾಗಿ ವಿಶೇಷ ಕ್ರಮವಿಧಿಯನ್ನೇ ಬರೆಯಬೇಕಾಯಿತೆಂದೂ ವರದಿಗಳಿವೆ.

ಈ ಸಂಗತಿಯನ್ನು ಕೇಳಿದವರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಭಾವನೆಗಳು ಹುಟ್ಟುತ್ತವೆ. ಇದು ದೈವದತ್ತವಾದ ಪವಾಡ, ಇದರಲ್ಲಿ ತಿಳಿಯುವಂಥದು ಏನೂ ಇಲ್ಲ ಎಂಬುದು ಒಂದು. ಇದರಲ್ಲಿ ಏನೋ ಕೈಚಳಕವಿರಬೇಕು ಎಂಬುದು ಇನ್ನೊಂದು. ಎರಡೂ ವಿಚಾರದ ಬಾಗಿಲನ್ನು ಮುಚ್ಚುವಂಥವು. ಸಂಖ್ಯೆಯ ಗುಣಗಳನ್ನೇ ಸಾಕ್ಷಿಯಾಗಿ ಕರೆದು ಕೇಳಿದರೆ, ಕೆಲಸದಲ್ಲಿ ಸಂಖ್ಯೆಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಘಾತವೂ ಮೂಲವೂ

ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ವರ್ಗ. ವರ್ಗವನ್ನು ಮತ್ತೊಮ್ಮೆ ಅದೇ ಸಂಖ್ಯೆಯಿಂದ ಗುಣಿಸಿದರೆ ಘನ. ಹೀಗೆ ಒಂದೇ ಸಂಖ್ಯೆಯನ್ನು ಇಪ್ಪತ್ತಮೂರು ಸಲ ಇಟ್ಟು ಗುಣಿಸಿದಾಗ ಬರುವುದು ಅದರ 23ನೆಯ ಘಾತ. ಘಾತವನ್ನು ಕೊಟ್ಟು ಮೊದಲಿನ ಸಂಖ್ಯೆ ಯಾವುದೆಂದು ಕೇಳುವುದೇ ಮೂಲವನ್ನು ಕೇಳುವುದು. 546372891ರ 23ನೆಯ ಘಾತವು 9167486 ಎಂಬ ಏಳು ಅಂಕಗಳಿಂದ ಆರಂಭವಾಗಿ 771 ಎಂಬ ಮೂರು ಅಂಕಗಳಲ್ಲಿ ಮುಗಿಯುತ್ತದೆ. ನಡುವೆ ಇನ್ನೂ 191 ಅಂಕಗಳಿವೆ.

ಇಲ್ಲಿ ಪ್ರಶ್ನೆಯೊಳಗೇ ಅಡಗಿರುವ ಒಂದು ಭರವಸೆಯನ್ನು ಮರೆಯಬಾರದು. ಕೊಟ್ಟ ಸಂಖ್ಯೆ ಪೂರ್ಣಘಾತ. ಎಂದರೆ ಅದರ ಮೂಲವು ಭಿನ್ನರಾಶಿಯಿಲ್ಲದ ಪೂರ್ಣ ಸಂಖ್ಯೆ. ಈ ಭರವಸೆಯಿಂದ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. 23ನೆಯ ಘಾತದಲ್ಲಿ 201 ಅಂಕಗಳು ಬರಬೇಕಾದರೆ ಮೂಲವು ಸುಮಾರು 49 ಕೋಟಿ 62 ಲಕ್ಷಕ್ಕೂ 54 ಕೋಟಿ 84 ಲಕ್ಷಕ್ಕೂ ನಡುವೆ ಇರಲೇಬೇಕು. ಇನ್ನೂರ ಒಂದು ಅಂಕಗಳ ಸಂಖ್ಯೆಗಳು ಊಹೆಗೂ ಮೀರಿದಷ್ಟಿದ್ದರೂ, ಅವುಗಳಲ್ಲಿ 23ನೆಯ ಪೂರ್ಣಘಾತಗಳಾಗಿರುವುವು ಸುಮಾರು 5 ಕೋಟಿ 22 ಲಕ್ಷ ಮಾತ್ರ. ಅಂಕಗಳನ್ನು ಓದುವುದಕ್ಕೆ ಮೊದಲೇ, ಅವುಗಳ ಎಣಿಕೆಯಿಂದಲೇ ಹುಡುಕಾಟದ ಕ್ಷೇತ್ರ ಇಷ್ಟು ಕಿರಿದಾಗುತ್ತದೆ.

ಚಿಕ್ಕದೊಂದು ಉದಾಹರಣೆ

ದೊಡ್ಡದನ್ನು ಕೈಗೆತ್ತಿಕೊಳ್ಳುವ ಮೊದಲು ಚಿಕ್ಕದೊಂದನ್ನು ನೋಡುವುದು ಉಚಿತ. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸೆನ್ ಅವರು ಶಕುಂತಲಾದೇವಿಯವರ ಸಾಮರ್ಥ್ಯವನ್ನು ಪರೀಕ್ಷಿಸಿದರು. ಅವರು ಕೇಳಿದ ಪ್ರಶ್ನೆಗಳಲ್ಲಿ 61629875ರ ಘನಮೂಲ ಒಂದು. 170859375ರ ಏಳನೆಯ ಮೂಲ ಇನ್ನೊಂದು. ಉತ್ತರಗಳು ಕ್ರಮವಾಗಿ 395 ಮತ್ತು 15. ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದರೊಳಗೆ ಉತ್ತರ ಬಂದುಬಿಡುತ್ತಿತ್ತೆಂದು ಜೆನ್ಸೆನ್ ದಾಖಲಿಸಿದ್ದಾರೆ.

ಮೊದಲನೆಯ ಪ್ರಶ್ನೆಯನ್ನು ಪರಿಶೀಲಿಸೋಣ. 61629875 ಎಂಟು ಅಂಕಗಳ ಸಂಖ್ಯೆಯಾದುದರಿಂದ ಘನಮೂಲದಲ್ಲಿ ಮೂರು ಅಂಕಗಳಿರಬೇಕು. ಬಲದಿಂದ ಮೂರು ಮೂರು ಅಂಕಗಳನ್ನು ಬಿಡಿಸಿದರೆ ಎಡತುದಿಯಲ್ಲಿ 61 ಉಳಿಯುತ್ತದೆ. ಅದು 3ರ ಘನವಾದ 27ಕ್ಕೂ 4ರ ಘನವಾದ 64ಕ್ಕೂ ನಡುವೆ ಇರುವುದರಿಂದ ಮೂಲದ ಮೊದಲ ಅಂಕ 3.

ಇನ್ನು ಕೊನೆಯ ಅಂಕ. ಒಂದಂಕಿಯ ಸಂಖ್ಯೆಗಳ ಘನಗಳ ಕೊನೆಯ ಅಂಕಗಳನ್ನು ನೋಡಿದರೆ ಒಂದು ಸೊಗಸಾದ ನಿಯಮ ಕಾಣುತ್ತದೆ. 0, 1, 4, 5, 6, 9 ಇವುಗಳ ಘನಗಳು ಅದೇ ಅಂಕದಲ್ಲಿ ಮುಗಿಯುತ್ತವೆ. 2ರ ಘನ 8ರಲ್ಲಿಯೂ 8ರ ಘನ 2ರಲ್ಲಿಯೂ, 3ರ ಘನ 7ರಲ್ಲಿಯೂ 7ರ ಘನ 3ರಲ್ಲಿಯೂ ಮುಗಿಯುತ್ತವೆ. ಯಾವ ಎರಡೂ ಒಂದೇ ಅಂಕದಲ್ಲಿ ಮುಗಿಯುವುದಿಲ್ಲ. ಆದುದರಿಂದ ಘನದ ಕೊನೆಯ ಅಂಕವನ್ನು ಕಂಡರೆ ಮೂಲದ ಕೊನೆಯ ಅಂಕ ನಿಶ್ಚಯವಾಗುತ್ತದೆ. ಇಲ್ಲಿ ಅದು 5.

ಮೊದಲದೂ ಕೊನೆಯದೂ ದೊರೆತವು, ನಡುವಿನದು ಉಳಿಯಿತು. ಅದಕ್ಕೆ 11ರ ಸಹಾಯ ಬೇಕು. ಬಲತುದಿಯಿಂದ ಆರಂಭಿಸಿ ಅಂಕಗಳನ್ನು ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋದರೆ, 11ರಿಂದ ಭಾಗಿಸಿದಾಗ ಉಳಿಯುವ ಶೇಷ ತಿಳಿಯುತ್ತದೆ. 61629875ನ್ನು ಹೀಗೆ ಮಾಡಿದರೆ 5−7+8−9+2−6+1−6, ಎಂದರೆ ಋಣ 12 ಬರುತ್ತದೆ; 22ನ್ನು ಕೂಡಿಸಿದರೆ 10. ಘನದ ಶೇಷ 10 ಆಗುವುದು ಮೂಲದ ಶೇಷ 10 ಆದಾಗ ಮಾತ್ರ. ಮೂಲದ ನಡುವಿನ ಅಂಕವನ್ನು ‘ಅ’ ಎಂದಿಟ್ಟರೆ, 5−ಅ+3 ಎಂಬುದರ ಶೇಷ 10 ಆಗಬೇಕು. ‘ಅ’ವು 9 ಆದಾಗ 8−9, ಎಂದರೆ ಋಣ 1, 11ನ್ನು ಕೂಡಿಸಿದರೆ 10. ಆದುದರಿಂದ ಉತ್ತರ 395.

ಮೂರು ಕೀಲಿಗಳು ಇಲ್ಲಿ ಕಾಣಸಿಗುತ್ತವೆ. ಎಡತುದಿಯು ಮೂಲದ ಗಾತ್ರವನ್ನು ಹೇಳುತ್ತದೆ. ಬಲತುದಿಯು ಕೊನೆಯ ಅಂಕವನ್ನು ಹೇಳುತ್ತದೆ. ಶೇಷವು ನಡುವಿನದನ್ನು ಹೇಳುತ್ತದೆ. ದೊಡ್ಡ ಸಂಖ್ಯೆಗೂ ಬೇಕಾದುವು ಈ ಮೂರೇ.

ಇನ್ನೂರ ಒಂದು ಅಂಕಗಳ ಸಂಖ್ಯೆ

ಮೊದಲು ಬಲತುದಿಯನ್ನು ನೋಡಬಹುದು. ಘಾತಗಳ ಕೊನೆಯ ಅಂಕಗಳು ನಾಲ್ಕು ನಾಲ್ಕಕ್ಕೆ ಆವೃತ್ತಿಯಾಗುತ್ತವೆ. ಎರಡರ ಘಾತಗಳು 2, 4, 8, 6 ಎಂದು ಮುಗಿದು ಮತ್ತೆ 2ಕ್ಕೆ ಬರುವುದನ್ನು ಎಲ್ಲರೂ ಬಲ್ಲರು. 23ನ್ನು 4ರಿಂದ ಭಾಗಿಸಿದರೆ 3 ಉಳಿಯುವುದರಿಂದ 23ನೆಯ ಘಾತದ ಕೊನೆಯ ಅಂಕವು ಘನದ ಕೊನೆಯ ಅಂಕವೇ ಆಗಿರುತ್ತದೆ. ಮೇಲೆ ಹೇಳಿದ ನಿಯಮವೇ ಇಲ್ಲಿಯೂ ಸಲ್ಲುತ್ತದೆ. ಕೊಟ್ಟ ಸಂಖ್ಯೆ 1ರಲ್ಲಿ ಮುಗಿಯುವುದರಿಂದ ಮೂಲವೂ 1ರಲ್ಲಿಯೇ ಮುಗಿಯಬೇಕು.

ಹತ್ತರ ಸ್ಥಾನ ಇದಕ್ಕಿಂತ ಕಷ್ಟವೇನಲ್ಲ. 1ರಲ್ಲಿ ಮುಗಿಯುವ ಸಂಖ್ಯೆಯ 23ನೆಯ ಘಾತದಲ್ಲಿ ಹತ್ತರ ಸ್ಥಾನದ ಅಂಕವು, ಮೂಲದ ಹತ್ತರ ಸ್ಥಾನದ ಅಂಕವನ್ನು 23ರಿಂದ ಗುಣಿಸಿದಾಗ ಬರುವ ಕೊನೆಯ ಅಂಕಕ್ಕೆ ಸಮ. ಕೊನೆಯ ಅಂಕವಷ್ಟೇ ಬೇಕಾದುದರಿಂದ 3ರಿಂದ ಗುಣಿಸಿದರೆ ಸಾಕು. ಕೊಟ್ಟ ಸಂಖ್ಯೆಯ ಹತ್ತರ ಸ್ಥಾನದಲ್ಲಿ 7 ಇದೆ. ಮೂರರ ಮಗ್ಗಿಯಲ್ಲಿ 7ರಲ್ಲಿ ಮುಗಿಯುವುದು 27. ಆದುದರಿಂದ ಮೂಲದ ಹತ್ತರ ಸ್ಥಾನದಲ್ಲಿ 9. ಹೀಗೆ 91 ದೊರೆಯಿತು. 91ರ 23ನೆಯ ಘಾತವು 371ರಲ್ಲಿ ಮುಗಿಯುತ್ತದೆ. ಮೂಲಕ್ಕೆ ಒಂದು ನೂರನ್ನು ಸೇರಿಸಿದಾಗಲೆಲ್ಲ ಘಾತದ ನೂರರ ಸ್ಥಾನ ಮೂರು ಮೂರರಂತೆ ಏರುತ್ತದೆ. ನಮಗೆ ಬೇಕಾದುದು 771, ಏರಬೇಕಾದುದು 4. ಮೂರರ ಮಗ್ಗಿಯಲ್ಲಿ 4ರಲ್ಲಿ ಮುಗಿಯುವುದು 24. ಆದುದರಿಂದ ನೂರರ ಸ್ಥಾನದಲ್ಲಿ 8. ಮೂಲದ ಕೊನೆಯ ಮೂರು ಅಂಕಗಳು 891 ಎಂದು ನಿರ್ಧಾರವಾದುವು.

ಇಲ್ಲಿ 23 ಎಂಬ ಘಾತಾಂಕದ ಪಾತ್ರವನ್ನು ಗಮನಿಸಬೇಕು. ಕೇಳಿದವರಿಗೆ ವರ್ಗಮೂಲವೇ ಸುಲಭವಾಗಿಯೂ 23ನೆಯ ಮೂಲವು ಅಸಾಧ್ಯವಾಗಿಯೂ ತೋರುವುದು ಸಹಜ. ಆದರೆ ಕೊನೆಯ ಅಂಕದ ಮಟ್ಟಿಗೆ ಪರಿಸ್ಥಿತಿ ಇದಕ್ಕೆ ವಿರುದ್ಧ. 1ರ ವರ್ಗವೂ 9ರ ವರ್ಗವೂ 1ರಲ್ಲಿಯೇ ಮುಗಿಯುವುದರಿಂದ ವರ್ಗದ ಕೊನೆಯ ಅಂಕವನ್ನು ಕಂಡು ಮೂಲದ ಅಂಕವನ್ನು ಖಚಿತವಾಗಿ ಹೇಳಲಾಗದು. 23ಕ್ಕೂ 10ಕ್ಕೂ ಒಂದನ್ನು ಬಿಟ್ಟು ಸಾಮಾನ್ಯ ಭಾಜಕವಿಲ್ಲ; ಆದುದರಿಂದಲೇ ಇಲ್ಲಿ ಒಂದೊಂದು ಕೊನೆಗೂ ಒಂದೇ ಒಂದು ಮೂಲ. ಮೂಲದ ಕ್ರಮಾಂಕ ದೊಡ್ಡದಾದಷ್ಟೂ ಉತ್ತರದ ಅಂಕಗಳು ಕಡಿಮೆಯಾಗುತ್ತವೆ ಎಂಬುದೂ ಸ್ಮರಣೀಯ. ಅದೇ 201 ಅಂಕಗಳ ಸಂಖ್ಯೆಯ ವರ್ಗಮೂಲವನ್ನು ಕೇಳಿದ್ದರೆ ಉತ್ತರದಲ್ಲಿ 101 ಅಂಕಗಳನ್ನು ಹೇಳಬೇಕಾಗುತ್ತಿತ್ತು. 23ನೆಯ ಮೂಲದಲ್ಲಿ ಒಂಬತ್ತೇ ಸಾಕು.

ಇನ್ನು ಎಡತುದಿ. ಲಾಗರಿದಮ್ ಎಂದು ಶಾಲೆಗಳಲ್ಲಿ ಕಲಿಸುವ ಲಘುಗಣಕವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುಣಾಕಾರವನ್ನು ಸಂಕಲನಕ್ಕೂ, ಮೂಲವನ್ನು ಭಾಗಾಕಾರಕ್ಕೂ ಇಳಿಸುವುದು ಅದರ ಗುಣ. 9.1675ರ ಲಘುಗಣಕ 0.96225. ಸಂಖ್ಯೆಯಲ್ಲಿ 201 ಅಂಕಗಳಿರುವುದರಿಂದ ಅದಕ್ಕೆ 200ನ್ನು ಸೇರಿಸಬೇಕು. 200.96225ನ್ನು 23ರಿಂದ ಭಾಗಿಸಿದರೆ 8.7374891. ಇದರಲ್ಲಿ 8 ಎಂಬುದು ಮೂಲದಲ್ಲಿ ಒಂಬತ್ತು ಅಂಕಗಳಿರುವುದನ್ನು ಸೂಚಿಸುತ್ತದೆ, ಉಳಿದ 0.7374891 ಎಂಬುದು 5.4637ರಿಂದ ಆರಂಭವಾಗುವ ಸಂಖ್ಯೆಯ ಲಘುಗಣಕ. ಕೊಟ್ಟ ಸಂಖ್ಯೆಯ ಮೊದಲ ಐದಾರು ಅಂಕಗಳನ್ನು ಮಾತ್ರ ಉಪಯೋಗಿಸಿ ಮೂಲದ ಮೊದಲ ಐದು ಅಂಕಗಳು ದೊರೆತುವು: 54637.

ಎಡದಿಂದ ಐದು, ಬಲದಿಂದ ಮೂರು. ನಡುವೆ ಉಳಿದುದು ಒಂದೇ ಅಂಕ. ಅದಕ್ಕೆ ಮತ್ತೆ 11ರ ಕೀಲಿ. ಇನ್ನೂರ ಒಂದು ಅಂಕಗಳನ್ನು ಒಂದು ಸಲ ಕೂಡಿ ಕಳೆದು ನೋಡಿದರೆ 11ರ ಶೇಷ 3 ಬರುತ್ತದೆ. 23ನೆಯ ಘಾತದ ಶೇಷ 3 ಆಗಬೇಕಾದರೆ ಮೂಲದ ಶೇಷ 9 ಆಗಿರಬೇಕು. ನಡುವಿನ ಅಂಕವನ್ನು ‘ಅ’ ಎಂದಿಟ್ಟು ಮೂಲದ ಅಂಕಗಳನ್ನು ಬಲದಿಂದ ಕೂಡಿ ಕಳೆದರೆ 1−9+8−ಅ+7−3+6−4+5, ಎಂದರೆ 11−ಅ. ಇದು 9 ಆಗಬೇಕಾದರೆ ‘ಅ’ವು 2. ಮೂಲ ಪೂರ್ಣವಾಯಿತು: 546372891.

ಬರೆಯುವ ಕಾಗದ, ಲಘುಗಣಕದ ಕೋಷ್ಟಕ, ಅರ್ಧ ದಿನದ ಬಿಡುವು ಇದ್ದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಯೂ ಈ ಉತ್ತರವನ್ನು ಪಡೆಯಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ. ಶಕುಂತಲಾದೇವಿಯವರು ಇದೇ ದಾರಿಯನ್ನು ಹಿಡಿದರೆಂದು ಇದರ ಅರ್ಥವಲ್ಲ. ದಾರಿಯೊಂದು ಉಂಟು, ಅದು ಸಂಖ್ಯೆಯ ಸ್ವಭಾವದಲ್ಲಿಯೇ ಅಡಗಿದೆ ಎಂಬುದಷ್ಟೇ ಇಲ್ಲಿಯ ಅಭಿಪ್ರಾಯ.

ಅಂಕಗಳ ಜೋಡಣೆ

ಇನ್ನು ಉತ್ತರವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಬಹುದು. 546372891ರಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಗಳೆಲ್ಲ ಇವೆ; ಪ್ರತಿಯೊಂದೂ ಒಂದೇ ಸಲ ಬಂದಿದೆ; ಸೊನ್ನೆ ಇಲ್ಲ. ಒಂಬತ್ತು ಅಂಕಗಳನ್ನು ಹೀಗೆ ಒಂದೊಂದೇ ಸಲ ಬಳಸಿ 3,62,880 ಸಂಖ್ಯೆಗಳನ್ನು ಬರೆಯಬಹುದು. ಅಂಕಗಳ ಮೊತ್ತ ಯಾವಾಗಲೂ 45 ಆದುದರಿಂದ ಅವೆಲ್ಲವೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಪ್ರಕೃತ ಸಂಖ್ಯೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 27ರಿಂದ ಭಾಗವಾಗುತ್ತದೆ, ಭಾಗಲಬ್ಧ 20236033. ಅದು ಮತ್ತೆ ಮೂರರಿಂದ ಭಾಗವಾಗದು. ಆದುದರಿಂದ ಇದರ 23ನೆಯ ಘಾತವನ್ನು ಮೂರರಿಂದ ಅರವತ್ತೊಂಬತ್ತು ಸಲ ಶೇಷವಿಲ್ಲದೆ ಭಾಗಿಸಬಹುದು. ಎಪ್ಪತ್ತನೆಯ ಸಲ ಸಾಧ್ಯವಿಲ್ಲ.

ಇದಕ್ಕಿಂತ ಸ್ವಾರಸ್ಯವಾದುದು ಅಂಕಗಳ ಕ್ರಮ. ಸಂಖ್ಯೆಯನ್ನು 5, 46, 37, 28, 91 ಎಂದು ಬಿಡಿಸಿ ಬರೆದರೆ ಬೆಡಗು ಒಡೆಯುತ್ತದೆ. ಒಂದರಿಂದ ಒಂಬತ್ತರವರೆಗಿನ ಅಂಕಗಳ ಸಾಲಿನಲ್ಲಿ ನಟ್ಟನಡುವೆ ಇರುವುದು 5. ಅದು ಮೊದಲು ನಿಂತಿದೆ. ಅನಂತರ ಅದರ ಎಡಬಲಗಳಲ್ಲಿರುವ 4 ಮತ್ತು 6. ಆಮೇಲೆ ಇನ್ನೊಂದು ಹೆಜ್ಜೆ ಆಚೆಯ 3 ಮತ್ತು 7. ಆಮೇಲೆ 2 ಮತ್ತು 8. ಕೊನೆಗೆ ಎರಡು ತುದಿಗಳಾದ 9 ಮತ್ತು 1. ಪ್ರತಿಯೊಂದು ಜೋಡಿಯ ಮೊತ್ತವೂ ಹತ್ತು. 46, 37, 28 ಎಂಬುವು ಒಂಬತ್ತು ಒಂಬತ್ತರಂತೆ ಇಳಿಯುತ್ತಿವೆ. ಇದೇ ಕ್ರಮದಲ್ಲಿ ಮುಂದೆ ಬರಬೇಕಾದುದು 19. ಅದು ತಿರುವುಮುರುವಾಗಿ 91 ಆಗಿದೆ. ನಡುವಿನಿಂದ ಹೊರಟು ಒಮ್ಮೆ ಕೆಳಕ್ಕೆ ಒಮ್ಮೆ ಮೇಲಕ್ಕೆ ಹೆಜ್ಜೆ ಹಾಕುತ್ತ ಬಂದ ಸಾಲು ಕೊನೆಯ ಹೆಜ್ಜೆಯಲ್ಲಿ ಮಾತ್ರ ಮಗ್ಗುಲು ಬದಲಿಸಿದೆ.

ಮೊದಲು 5 ಇದ್ದು, ಉಳಿದುವು ಹತ್ತು ಮೊತ್ತದ ನಾಲ್ಕು ಜೋಡಿಗಳಾಗಿ ಬರುವ ಸಂಖ್ಯೆಗಳು ಒಟ್ಟು 384. ಮೇಲೆ ಹೇಳಿದ 3,62,880ರಲ್ಲಿ ಅವು 945ಕ್ಕೆ ಒಂದರಂತೆ ಬರುತ್ತವೆ. ಒಂಬತ್ತಂಕಿಯ ಎಲ್ಲ ಸಂಖ್ಯೆಗಳಲ್ಲಿ ಸುಮಾರು 23 ಲಕ್ಷ 44 ಸಾವಿರಕ್ಕೆ ಒಂದರಂತೆ. ಕಂಡಮೇಲೆ ಹುಡುಕಿದ ಕ್ರಮಕ್ಕೆ ಈ ಬಗೆಯ ಲೆಕ್ಕವು ಪೂರ್ಣ ಪ್ರಮಾಣವಾಗಲಾರದೆಂಬುದು ನಿಜ. ಯಾವ ಸಂಖ್ಯೆಯನ್ನಾದರೂ ಬಹಳ ಹೊತ್ತು ನೋಡಿದರೆ ಏನಾದರೊಂದು ಕ್ರಮ ಕಂಡೀತು. ಆದರೂ ಈ ಸಂಖ್ಯೆ ಆಕಸ್ಮಿಕವಾಗಿ ಒದಗಿಬಂದುದಲ್ಲ, ಪ್ರಶ್ನೆಯನ್ನು ಸಿದ್ಧಪಡಿಸಿದ ಕೈಯೊಂದು ಅಂಕಗಳನ್ನು ಬೇಕೆಂದೇ ಹೀಗೆ ಜೋಡಿಸಿತೆಂದು ಊಹಿಸುವುದು ಅಸಂಗತವಾಗದು. ಶಿಲ್ಪಿಯ ಉಳಿಯ ಗುರುತು ಕಲ್ಲಿನಲ್ಲಿ ಉಳಿಯುವಂತೆ ಆ ಕೈಯ ಗುರುತು ಸಂಖ್ಯೆಯಲ್ಲಿ ಉಳಿದಿದೆ. ಇಪ್ಪತ್ತಮೂರನೆಯ ಘಾತಕ್ಕೇರಿದಾಗ ಆ ಗುರುತು 201 ಅಂಕಗಳ ಅಡವಿಯಲ್ಲಿ ಮರೆಯಾಗುತ್ತದೆ. ಮೂಲವನ್ನು ಕಂಡವರಿಗೆ ಮತ್ತೆ ಕಾಣುತ್ತದೆ.

ಗಣಿತಸಾರಸಂಗ್ರಹದ ಕಂಠಾಭರಣ

ಅಂಕಗಳನ್ನು ಹೀಗೆ ಹೂವಿನಂತೆ ಕಟ್ಟುವ ಆಸೆ ಕನ್ನಡನಾಡಿಗೆ ಹೊಸದಲ್ಲ. ಕವಿರಾಜಮಾರ್ಗವು ಹುಟ್ಟಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿಯೇ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರ ಗುಣಾಕಾರದ ಪ್ರಕರಣದಲ್ಲಿ ಉತ್ತರವೇ ಅಲಂಕಾರವಾಗಿ ಮೂಡುವಂಥ ಲೆಕ್ಕಗಳಿವೆ. ಅಂಥ ಉತ್ತರಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿದ್ದಾನೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸರ 111111111 ದೊರೆಯುತ್ತದೆ. 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಈ ಸರದ ರಹಸ್ಯವನ್ನೂ ಬಿಡಿಸಬಹುದು. 12345654321 ಎಂಬುದು 111111ರ ವರ್ಗ. 111111 ಎಂಬುದು 21 ಮತ್ತು 5291ರ ಗುಣಲಬ್ಧ. 21ರ ವರ್ಗ 441. 5291ರ ವರ್ಗ 27994681. ಆಚಾರ್ಯನು ಕೊಟ್ಟ ಎರಡು ಸಂಖ್ಯೆಗಳೂ ವರ್ಗಗಳೇ. ಹೊರಗೆ ಒರಟಾಗಿ ಕಾಣುವ 27994681 ಎಂಬುದು, ಒಳಗಿನ ಸರವನ್ನು ಬಲ್ಲವನು ಬೇಕೆಂದೇ ಒಡೆದಿಟ್ಟ ಅರ್ಧಭಾಗ. ಡಲ್ಲಾಸಿನ ಸಂಖ್ಯೆಗೂ ಇದಕ್ಕೂ ನಡುವೆ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದ್ದರೂ ವಿನೋದದ ಜಾತಿ ಒಂದೇ: ಚೆಲುವಾದುದನ್ನು ಗುಣಾಕಾರದಲ್ಲಿ ಅಡಗಿಸಿಟ್ಟು, ಹುಡುಕಿ ತೆಗೆಯೆಂದು ಇನ್ನೊಬ್ಬರನ್ನು ಕರೆಯುವುದು. ಇಂಥ ವಿನೋದಕ್ಕೆ ಸ್ಥಾನಮೌಲ್ಯದ ಅಂಕಪದ್ಧತಿಯೇ ಆಧಾರ. ಅಂಕಗಳ ಸಾಲಿಗೆ ರೂಪವಿದೆ ಎಂದು ಕಾಣಬೇಕಾದರೆ ಹತ್ತರ ಸ್ಥಾನ, ನೂರರ ಸ್ಥಾನಗಳ ವ್ಯವಸ್ಥೆ ಜನರ ಕೈಯಲ್ಲಿ ಪಳಗಿರಬೇಕು. ಮಹಾವೀರಾಚಾರ್ಯನ ಲೆಕ್ಕಗಳು ಅದು ಅಂದಿಗೆ ಎಷ್ಟು ಪಳಗಿತ್ತೆಂಬುದಕ್ಕೆ ಸಾಕ್ಷಿ.

ಪವಾಡವೋ ಪರಿಶ್ರಮವೋ

ಸಂಖ್ಯೆಯ ಗುಣಗಳು ದಾರಿಯನ್ನು ತೋರಿಸಿದುವು. ಹಾಗಾದರೆ ಮನುಷ್ಯನ ಪಾಲು ಯಾವುದು? ಇನ್ನೂರ ಒಂದು ಅಂಕಗಳ ಮೇಲೆ ಕಣ್ಣಾಡಿಸುವುದಕ್ಕೇ ಸಾಮಾನ್ಯರಿಗೆ ಒಂದೆರಡು ನಿಮಿಷ ಬೇಕು. ಲಘುಗಣಕಗಳು ನೆನಪಿನಲ್ಲಿರಬೇಕು, ಏಳು ದಶಾಂಶಗಳವರೆಗೆ ಭಾಗಾಕಾರವನ್ನು ಮನಸ್ಸಿನಲ್ಲಿಯೇ ನಡೆಸಬೇಕು, ಎಡದ ಐದನ್ನು ಕೈಬಿಡದೆ ಬಲದ ಮೂರನ್ನು ಹುಡುಕಬೇಕು, ಇದಿಷ್ಟೂ ಸಭೆಯ ಎದುರಿನಲ್ಲಿ, ಐವತ್ತು ಸೆಕೆಂಡುಗಳಲ್ಲಿ. ದಾರಿ ತಿಳಿದಿರುವುದು ಬೇರೆ, ಆ ದಾರಿಯಲ್ಲಿ ಹೀಗೆ ಓಡುವುದು ಬೇರೆ. ಜೆನ್ಸೆನ್ ಅವರ ಪರೀಕ್ಷೆಗಳ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ದೀಪ ಕಂಡೊಡನೆ ಗುಂಡಿಯೊತ್ತುವಂಥ ಸರಳ ಪರೀಕ್ಷೆಗಳಲ್ಲಿ ಶಕುಂತಲಾದೇವಿಯವರ ವೇಗ ಅಸಾಧಾರಣವಾಗಿರಲಿಲ್ಲವೆಂಬುದು ಅದರಲ್ಲಿ ಗಮನಾರ್ಹ. ಅವರ ಸಾಮರ್ಥ್ಯ ನರಗಳ ಚುರುಕಿನಲ್ಲಿ ಅಲ್ಲ, ಬಾಲ್ಯದಿಂದ ಸಂಖ್ಯೆಗಳೊಡನೆ ಬೆಳೆಸಿಕೊಂಡ ಸಲುಗೆಯಲ್ಲಿ ನೆಲೆಸಿತ್ತೆಂದು ಇದರಿಂದ ತಿಳಿಯಬಹುದು.

ಮೂಲವನ್ನು ಹೇಳುವುದರಲ್ಲಿ ಪೂರ್ಣಘಾತವೆಂಬ ಭರವಸೆಯ ಸಹಾಯವುಂಟು. ಗುಣಾಕಾರದಲ್ಲಿ ಅದೂ ಇಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಣಕಯಂತ್ರವು ಆಯ್ದುಕೊಟ್ಟ 7686369774870 ಮತ್ತು 2465099745779 ಎಂಬ ಹದಿಮೂರಂಕಿಯ ಎರಡು ಸಂಖ್ಯೆಗಳನ್ನು ಅವರು ಗುಣಿಸಿ, 18947668177995426462773730 ಎಂದು ಉತ್ತರವಿತ್ತರು. ಅದಕ್ಕೆ ಹಿಡಿದ ಕಾಲ 28 ಸೆಕೆಂಡು. ಈ ಸಾಧನೆ ಗಿನ್ನೆಸ್ ದಾಖಲೆಗಳ ಪುಸ್ತಕವನ್ನು ಸೇರಿತು. ಇಲ್ಲಿ ಒಂದು ಅಂಕವೂ ಅನಾವಶ್ಯಕವಲ್ಲ. ಪ್ರತಿಯೊಂದನ್ನೂ ಪ್ರತಿಯೊಂದರೊಡನೆ ಸೇರಿಸಲೇಬೇಕು. ಉತ್ತರವನ್ನು ಪರಿಶೀಲಿಸಲು ಮಾತ್ರ ಒಂಬತ್ತರ ಶೇಷ ನೆರವಾಗುತ್ತದೆ. ಮೊದಲ ಸಂಖ್ಯೆಯ ಅಂಕಗಳ ಮೊತ್ತ 78, ಎರಡನೆಯದರದು 74. ಒಂಬತ್ತರಿಂದ ಭಾಗಿಸಿದ ಶೇಷಗಳು 6 ಮತ್ತು 2. ಅವುಗಳ ಗುಣಲಬ್ಧ 12ರ ಶೇಷ 3. ಉತ್ತರದ ಅಂಕಗಳ ಮೊತ್ತ 138. ಅದರ ಶೇಷವೂ 3. ಎರಡು ಅಂಕಗಳು ಸ್ಥಾನಪಲ್ಲಟವಾಗಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯಲಾರದು. ತಪ್ಪನ್ನು ತೋರಿಸಬಲ್ಲ ಪರೀಕ್ಷೆ ಇದು. ಸರಿಯೆಂಬುದನ್ನು ಸಾಧಿಸುವ ಪ್ರಮಾಣವಲ್ಲ.

ಪವಾಡವೆಂದು ಕೈಮುಗಿದವನು ಸಂಖ್ಯೆಯಿಂದಲೂ ವ್ಯಕ್ತಿಯಿಂದಲೂ ದೂರ ನಿಲ್ಲುತ್ತಾನೆ. ಅವನ ದೃಷ್ಟಿಯಲ್ಲಿ ಉತ್ತರ ಆಕಾಶದಿಂದ ಉದುರಿದುದು. ಅಲ್ಲಿ ಪರಿಶ್ರಮಕ್ಕೂ ಅಭ್ಯಾಸಕ್ಕೂ ಗೌರವವಿಲ್ಲ. ಕೈಚಳಕವೆಂದು ತಳ್ಳಿಹಾಕಿದವನಿಗೂ ಅದೇ ನಷ್ಟ. ಕೀಲಿಗಳನ್ನು ಅರಿತವನಿಗೆ ಮಾತ್ರ ನಿಜವಾದ ಆಶ್ಚರ್ಯ ಲಭಿಸುತ್ತದೆ, ಏಕೆಂದರೆ ಆಶ್ಚರ್ಯಪಡಬೇಕಾದುದು ಎಲ್ಲಿ ಎಂಬುದು ಅವನಿಗೆ ಗೊತ್ತು. ಮತ್ತೊಂದು ಮಾತೂ ಇದೆ. ಪವಾಡವನ್ನು ಇನ್ನೊಬ್ಬರಿಗೆ ಕಲಿಸಲಾಗದು, ಕ್ರಮವನ್ನು ಕಲಿಸಬಹುದು. ಎರಡು ರೂಪಾಯಿ ಶುಲ್ಕದ ಕಾರಣ ಶಾಲೆಯ ಹೊರಗುಳಿದ ಮಗುವಿಗೂ ಒಂದರಿಂದ ಒಂಬತ್ತರವರೆಗಿನ ಅಂಕಗಳು ಮುಚ್ಚಿದ ಬಾಗಿಲಾಗಲಿಲ್ಲವೆಂಬುದು ನಿಜ. ಆದರೆ ಅಂಥ ಶಕ್ತಿ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಆದುದರಿಂದಲೇ ಬಲ್ಲವರು ಕೀಲಿಗಳನ್ನು ಬಚ್ಚಿಡದೆ ಹಂಚಬೇಕಾಗಿದೆ.

ಆಸಕ್ತರಾದ ವಾಚಕರು ಮನೆಯ ಮಕ್ಕಳೊಡನೆ ಇದನ್ನು ಪರೀಕ್ಷಿಸಿ ನೋಡಬಹುದು. ಮೂರಂಕಿಯ ಸಂಖ್ಯೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಅದರ ಘನವನ್ನು ಮಾತ್ರ ಹೇಳುವಂತೆ ಮಗುವಿಗೆ ತಿಳಿಸಬೇಕು. ಎಡತುದಿಯಿಂದ ಮೊದಲ ಅಂಕ, ಬಲತುದಿಯಿಂದ ಕೊನೆಯ ಅಂಕ, ಹನ್ನೊಂದರ ಶೇಷದಿಂದ ನಡುವಿನ ಅಂಕ. ಉತ್ತರ ಸರಿಯಾದಾಗ ಮಗು ‘ಅದು ಹೇಗೆ?’ ಎಂದು ಕೇಳಿಯೇ ಕೇಳುತ್ತದೆ. ಆಗ ಮೂರು ಕೀಲಿಗಳನ್ನೂ ಅದರ ಕೈಗೆ ಕೊಟ್ಟುಬಿಡಬೇಕು.